ಸೈರನಮ್ಮ ಕಾಯುವ ಹೊತ್ತು

ಸೈರನಮ್ಮನ ಮುತ್ತಜ್ಜ ಹೊಳೆಯ ದಡದಲ್ಲಿ ದೋಣಿ ಕರೆಯುವವನಾಗಿದ್ದ. ಆಗ ಸೇತುವೆ ಇರಲಿಲ್ಲ. ಈ ದಡದಲ್ಲಿ ಜನ ಬಂದು ನಿಂತಿದ್ದಾರೆಂದು ಆ ದಡದ ಅಂಬಿಗನಿಗೆ ತಿಳಿಯುತ್ತಿದ್ದದ್ದು ಅವನ ಕೂಗಿನಿಂದಲೇ. ಒಂದು ವರ್ಷ ಹೊಳೆ ಉಕ್ಕಿ ಬಂದಾಗ ಅವನು ಗುಡ್ಡದ ಬಂಡೆಯೇರಿ ನಿಂತು, ತಗ್ಗಿನ ಮನೆಗಳವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕೂಗಿ ಮೇಲೆ ಹತ್ತಿಸಿದನಂತೆ. ಒಂದು ಜೀವವೂ ಹೋಗಲಿಲ್ಲ. ಹೋದದ್ದು ಮುತ್ತಜ್ಜನ ಗಂಟಲು ಮಾತ್ರ, ಅದೂ ಕೆಲವು ದಿನಗಳ ಮಟ್ಟಿಗೆ. ಆ ದಿನಗಳಲ್ಲಿ ಮುತ್ತಜ್ಜಿ ಮದುವೆಯಾದಾಗಿನಿಂದ ಹೇಳಬೇಕೆಂದಿದ್ದನ್ನೆಲ್ಲ ಹೇಳಿ ಮುಗಿಸಿದಳೆಂದು ಆ ಮನೆಯವರು ಇಂದಿಗೂ ನಗುತ್ತಾರೆ.

ಮುತ್ತಜ್ಜನ ಮಗ ತಗಡಿನ ಕಹಳೆ ಹಿಡಿದು ಬೀದಿಬೀದಿ ತಿರುಗಿ ಸುದ್ದಿ ಸಾರಿದವನು. ಊರಿಗೆ ನೂಲಿನ ಗಿರಣಿ ಬಂತು. ಅದರ ಸೈರನ್ನು ಒಮ್ಮೆ ಕೆಟ್ಟು ಕೂತಾಗ, ಹೊಸದು ಬರುವ ತನಕ ಪಾಳಿ ಬದಲಾಗುವ ಹೊತ್ತಿಗೆ ಅಜ್ಜ ಗಿರಣಿಯ ಮಾಳಿಗೆ ಹತ್ತಿ ಕೂಗುತ್ತಿದ್ದ. ಹೊಸ ಸೈರನ್ನು ಬಂದ ಮೇಲೆ ಅದು ತೀರ ಸಪ್ಪೆ ಎಂದು ಕೆಲಸದವರೇ ದೂರಿದರು. ಅಂದಿನಿಂದ ಆ ಮನೆಗೆ ‘ಸೈರನ್ ಮನೆ’ ಎಂಬ ಹೆಸರು ಅಂಟಿಕೊಂಡಿತು. ಅಜ್ಜನ ಮಗ ಬಸ್ ನಿಲ್ದಾಣದಲ್ಲಿ ಬಸ್ಸು ಕರೆಯುವ ಕೆಲಸ ಹಿಡಿದ. ಚಾಲಕನಿಲ್ಲದ ಬಸ್ಸೊಂದು ಇಳಿಜಾರಿನಲ್ಲಿ ತಾನಾಗಿ ಹಿಂದಕ್ಕೆ ಉರುಳತೊಡಗಿದಾಗ, ಅವನು ಮೈಕು ಹಾಕುವುದಕ್ಕೂ ಕಾಯದೆ ಒಂದೇ ಕೂಗಿಗೆ ಕಲ್ಲುಬೆಂಚಿನ ಮೇಲೆ ತೂಕಡಿಸುತ್ತಿದ್ದವರನ್ನೆಲ್ಲ ಎಬ್ಬಿಸಿ ಓಡಿಸಿದ. ಬೆಂಚು ಪುಡಿಯಾಯಿತು, ಜನ ಉಳಿದರು.

ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯಳ ದನಿ ಹತ್ತಿಯ ಅರಳೆಯಂತೆ ಮೆತ್ತಗೆ. ಪಕ್ಕದಲ್ಲಿ ಕೂತವರೂ ಕಿವಿ ಮುಂದೆ ಮಾಡಬೇಕು. ವಂಶದ ಗಂಟಲೆಲ್ಲ ಕಿರಿಯಳಿಗೇ ಹರಿದು ಬಂತು. ಅವಳು ತೊಟ್ಟಿಲಲ್ಲಿ ಅತ್ತರೆ ಗಿರಣಿಯವರು ಪಾಳಿ ಮುಗಿಯಿತೆಂದು ಊಟದ ಡಬ್ಬಿ ಎತ್ತಿಕೊಂಡು ಹೊರಡುತ್ತಿದ್ದರೆಂಬುದು ಸ್ವಲ್ಪ ಉಪ್ಪುಖಾರ ಹಚ್ಚಿದ ಮಾತಿರಬಹುದು. ಆದರೆ ಅಪ್ಪನಿಗೆ ವಯಸ್ಸಾದಾಗ ನಿಲ್ದಾಣದವರು ಬೇರೆ ಯಾರನ್ನೂ ಹುಡುಕದೆ ಅವಳನ್ನೇ ಕರೆತಂದು ಮೈಕಿನ ಮುಂದೆ ಕೂರಿಸಿದ್ದು ದಿಟ. ಹಾಗೆ ಅವಳು ಸೈರನಮ್ಮ ಆದಳು. ಕಾಗದಪತ್ರಗಳಲ್ಲಿ ಬೇರೊಂದು ಹೆಸರಿದೆ. ಆ ಹೆಸರು ಹಿಡಿದು ಕರೆದರೆ ಅವಳೇ ತಿರುಗಿ ನೋಡುವುದಿಲ್ಲ.

ನಿಲ್ದಾಣದ ಮೂಲೆಯಲ್ಲಿ ಗಾಜಿನ ಗೂಡಿನಂಥ ಕೋಣೆ ಅವಳದು. ಒಂದು ಮೇಜು, ಒಂದು ಕಾಲು ಗಿಡ್ಡವಾದ ಕುರ್ಚಿ, ಚಹಾದ ಲೋಟ ಇಟ್ಟಿಟ್ಟು ಮೇಜಿನ ತುಂಬ ಬಿದ್ದ ಉಂಗುರದ ಗುರುತುಗಳು. ಮೊದಲ ದಿನ ಅಪ್ಪ ಪಕ್ಕದಲ್ಲಿ ನಿಂತು ಹೇಳಿಕೊಟ್ಟದ್ದು ಒಂದೇ ಪಾಠ. ಬಸ್ಸು ಕರೆದ ಕೂಡಲೇ ಮತ್ತೆ ಬಾಯಿ ತೆರೆಯಬಾರದು. ಜನ ತಲೆ ಎತ್ತಬೇಕು, ಮಗುವಿನ ಚಪ್ಪಲಿ ಹುಡುಕಬೇಕು, ನಮ್ಮದೇನಾ ಎಂದು ಪಕ್ಕದವರನ್ನು ಕೇಳಬೇಕು. ಅಷ್ಟಕ್ಕೂ ಬಿಡುವು ಕೊಟ್ಟು ಆಮೇಲೆ ಇನ್ನೊಮ್ಮೆ ಕರೆಯಬೇಕು. ಸೈರನಮ್ಮ ಆ ಪಾಠವನ್ನು ಚಾಚೂ ತಪ್ಪದೆ ನಡೆಸಿದಳು. ಆದರೆ ಮೈಕಿನ ಮುಂದೆ ಮಾತ್ರ. ಅಲ್ಲಿಂದ ಎದ್ದಳೆಂದರೆ ಅವಳ ಮಾತಿಗೆ ತಡೆಯೇ ಇರಲಿಲ್ಲ. ಎದುರಿನವರು ಬಾಯಿ ತೆರೆಯುವಷ್ಟರಲ್ಲಿ ಅವರು ಹೇಳಬೇಕೆಂದಿದ್ದನ್ನು ತಾನೇ ಹೇಳಿ, ಅದಕ್ಕೆ ಉತ್ತರವನ್ನೂ ಕೊಟ್ಟು, ಬೇಕಿದ್ದರೆ ಒಂದಿಷ್ಟು ಜಗಳವನ್ನೂ ಆಡಿ ಮುಗಿಸುತ್ತಿದ್ದಳು. ಅವಳ ಗಂಡ ಗಡಿಯಾರ ರಿಪೇರಿ ಮಾಡುವವನು, ಕಿವಿ ಸ್ವಲ್ಪ ಮಂದ. ಹುಟ್ಟಿನಿಂದ ಬಂದದ್ದಲ್ಲ, ಮದುವೆಯಿಂದ ಬಂದದ್ದು ಎಂದು ಗಿರಾಕಿಗಳಿಗೆ ಅವನೇ ಹೇಳುತ್ತಿದ್ದ.

ಈ ಗಂಟಲೇ ಅಕ್ಕತಂಗಿಯರ ನಡುವೆ ಗೋಡೆ ಎಬ್ಬಿಸಿತು. ಅಕ್ಕನ ಮಗಳ ಮದುವೆಯ ದಿನ. ಸಭಾಂಗಣದಲ್ಲಿ ಜನ ಕಿಕ್ಕಿರಿದಿದ್ದರು. ಗಂಡಿನ ತಂದೆ ಒಳಬಂದಾಗ ಸೈರನಮ್ಮ ಗಂಡನ ಕಿವಿಯಲ್ಲಿ ಒಂದು ಗುಟ್ಟು ಪಿಸುಗುಟ್ಟಿದಳು. ಅವನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಪಿಸುಗುಟ್ಟಿದಳು. ಸೈರನಮ್ಮನ ಪಿಸುಮಾತೆಂದರೆ ಬೇರೆಯವರ ಕೂಗು. “ಬೀಗರ ತಲೆ ಮೇಲಿರೋದು ಟೋಪನ್ನು ಕಣ್ರೀ” ಎಂಬ ಮಾತು ಸಭಾಂಗಣದ ಹಿಂದಿನ ಸಾಲಿಗೂ ಮುಟ್ಟಿತು. ಬೀಗರು ಎರಡೂ ಕೈಯಿಂದ ತಲೆ ಹಿಡಿದುಕೊಂಡರು. ಮದುವೆಯೇನೋ ಸುಸೂತ್ರವಾಗಿ ನಡೆಯಿತು. ಬೀಗರು ದೊಡ್ಡ ಮನಸ್ಸಿನವರು. ಮರುದಿನದಿಂದ ಆ ಸುಳ್ಳು ಕೂದಲಿನ ಟೋಪನ್ನನ್ನು ಕಿತ್ತೆಸೆದು, ಈಗ ತಲೆಗೆ ಗಾಳಿ ಆಡುತ್ತದೆ ಎಂದು ತಾವೇ ಆ ಕಥೆ ಹೇಳಿಕೊಂಡು ನಗುತ್ತಿದ್ದರು. ನಗದವಳು ಅಕ್ಕ ಒಬ್ಬಳೇ. ತಂಗಿಯನ್ನು ಬಾಗಿಲಾಚೆ ಕರೆದು, ತನ್ನ ಮೆತ್ತನೆಯ ದನಿಯಲ್ಲೇ ಕಡ್ಡಿ ಮುರಿದಂತೆ ಹೇಳಿದಳು. “ಇನ್ನೊಬ್ಬರ ಮಾತು ಕೇಳಿಸ್ಕೊಳ್ಳೋದು ಕಲಿತ ಮೇಲೆ ನನ್ನ ಮನೆಗೆ ಬಾ.”

“ನೀನಾಗಿ ಕರೆದ ಮೇಲೇ ಬರ್ತೀನಿ” ಎಂದಳು ಸೈರನಮ್ಮ. ಅಕ್ಕ ಕರೆಯಲಿಲ್ಲ, ತಂಗಿ ಹೋಗಲಿಲ್ಲ. ಮದುವೆಯಾದ ಹುಡುಗಿಗೆ ಮಕ್ಕಳಾಗಿ, ಅವು ಶಾಲೆಗೂ ಹೋಗತೊಡಗಿದವು. ಊರಿನ ಆ ತುದಿಯಲ್ಲಿ ದಾರ, ಗುಂಡಿ ಮಾರುವ ಪುಟ್ಟ ಅಂಗಡಿಯಲ್ಲಿ ಅಕ್ಕ, ಈ ತುದಿಯಲ್ಲಿ ಗಡಿಯಾರಗಳ ಟಿಕ್‌ಟಿಕ್ ನಡುವೆ ತಂಗಿ.

ಆಮೇಲೆ ನಿಲ್ದಾಣಕ್ಕೆ ಯಂತ್ರ ಬಂತು. ಬಸ್ಸು ಬಂದರೆ ಎಲ್ಲೋ ದೂರದ ಹುಡುಗಿಯೊಬ್ಬಳ ದನಿ ತಾನಾಗಿ ಹೇಳಿಬಿಡುತ್ತಿತ್ತು. ಸೈರನಮ್ಮನಿಗೆ ನಿವೃತ್ತಿಯ ವಯಸ್ಸೂ ಆಗಿತ್ತು. ಅವಳಿಗೆ ಒಂದು ಗೋಡೆ ಗಡಿಯಾರ ಕೊಟ್ಟು ಬೀಳ್ಕೊಟ್ಟರು. ಗಡಿಯಾರ ರಿಪೇರಿಯವನ ಹೆಂಡತಿಗೆ ಗಡಿಯಾರ. ಅದೂ ನಿಧಾನ ನಡೆಯುವಂಥದ್ದು ಎಂದು ಗಂಡ ಬಿಚ್ಚಿ ನೋಡಿ ನಕ್ಕ.

ಮನೆಯಲ್ಲಿ ಕೂತು ಬೇಸರ ಹಿಡಿಯುವ ಹೊತ್ತಿಗೆ ಆರೋಗ್ಯ ಕೇಂದ್ರದ ನರ್ಸಮ್ಮ ಬಂದಳು. ಊರಿನಲ್ಲಿ ಬಿಪಿ ಇರುವವರು ಬಹಳ. ತಲೆಸುತ್ತು ನಿಂತ ಕೂಡಲೇ ಮಾತ್ರೆ ನಿಲ್ಲಿಸುವವರೂ ಅಷ್ಟೇ ಜನ. ದಿನಾ ಬೆಳಿಗ್ಗೆ ಅವರೆಲ್ಲರ ಮೊಬೈಲಿಗೆ ಕೇಂದ್ರದಿಂದ ಒಂದು ಕರೆ ಹೋಗುವ ಏರ್ಪಾಡಾಗಿತ್ತು. ಮಾತ್ರೆ ತೆಗೆದುಕೊಳ್ಳಿ ಎಂದು ಜೇನಿನಂಥ ದನಿಯೊಂದು ನೆನಪಿಸುತ್ತಿತ್ತು. ಆದರೆ ಆ ದನಿ ಕೇಳಿದ ಕೂಡಲೇ ಜನ, ಯಾರೋ ಏನೋ ಮಾರಲು ಬಂದರೆಂದು ಫೋನು ಇಟ್ಟುಬಿಡುತ್ತಿದ್ದರು. ಊರಿನವರು ಯಾರ ದನಿಗೆ ಎದ್ದು ಓಡುತ್ತಾರೆ ಎಂದು ಡಾಕ್ಟರಮ್ಮ ವಿಚಾರಿಸಿದಾಗ, ಕೇಂದ್ರದ ಕಸ ಗುಡಿಸುವವಳಿಂದ ಹಿಡಿದು ಎಲ್ಲರ ಬಾಯಲ್ಲೂ ಬಂದದ್ದು ಒಂದೇ ಹೆಸರು.

ಸೈರನಮ್ಮ ಮೂತಿ ತಿರುವಿದಳು. ತನ್ನ ಕುರ್ಚಿ ಕಿತ್ತುಕೊಂಡ ಯಂತ್ರಕ್ಕೆ ತಾನೇ ಗಂಟಲು ಕೊಡಬೇಕಾ ಎಂದು ಕೇಳಿದಳು. ನರ್ಸಮ್ಮ ಒತ್ತಾಯ ಮಾಡಲಿಲ್ಲ. ಚಹಾ ಕುಡಿದು ಎದ್ದು ಹೊರಡುವಾಗ, “ಇರಲಿ ಬಿಡಿ, ನಿಮಗೆ ಮೊದಲಿನ ಗಂಟಲು ಇಲ್ವಂತೆ ಅಂತ ಜನ ಆಡಿಕೊಳ್ತಾ ಇದ್ರು, ನಾನೇ ನಂಬಿರಲಿಲ್ಲ” ಎಂದಳು. ಸೈರನಮ್ಮ ಅವಳಿಗಿಂತ ಮೊದಲೇ ಚಪ್ಪಲಿ ಮೆಟ್ಟಿ ಬೀದಿಗಿಳಿದಿದ್ದಳು.

ಕೇಂದ್ರದ ಹಿಂದೆ, ಔಷಧಿಯ ಖಾಲಿ ಪೆಟ್ಟಿಗೆಗಳನ್ನು ಪೇರಿಸಿದ ಕೋಣೆ. ಕಿಟಕಿಗೆ ಕಂಬಳಿ ಇಳಿಬಿಟ್ಟಿದ್ದರು. ಅವಳ ದನಿ ಹಿಡಿದಿಡಲು ಬಂದಿದ್ದ ಕಂಪ್ಯೂಟರಿನವನು ಅಚ್ಚುಕಟ್ಟಾದ ಮನುಷ್ಯ. ಮೀಸೆಯನ್ನೂ ಅಳೆದು ಕತ್ತರಿಸಿದಂತಿತ್ತು. ಅವಳು ಒಂದು ಮಾತಾಡಿದ ಕೂಡಲೇ ಕಿವಿಗೆ ಹಾಕಿದ್ದ ಹೆಡ್‌ಫೋನು ಕಿತ್ತುಹಾಕಿ, ಅಮ್ಮಾ ಸ್ವಲ್ಪ ಹಿಂದೆ ಸರಿಯಿರಿ ಎಂದ. ಅವಳು ಗೋಡೆಗೆ ಸರಿದಳು. ಇನ್ನೂ ಸ್ವಲ್ಪ ಎಂದ. ಕೊನೆಗೆ ಅವಳನ್ನು ಹೊರಗಿನ ಪಡಸಾಲೆಯಲ್ಲಿ ನಿಲ್ಲಿಸಿ, ಬಾಗಿಲು ತೆರೆದಿಟ್ಟು ದನಿ ಹಿಡಿಯಬೇಕಾಯಿತು. ಅವರು ಬರೆದುಕೊಟ್ಟ ಕಾಗದದಲ್ಲಿ ‘ಮಾನ್ಯರೇ, ತಮ್ಮ ರಕ್ತದೊತ್ತಡದ ಔಷಧಿಯನ್ನು’ ಎಂದೇನೋ ಇತ್ತು. ಇಂಥ ಮಾತಿಗೆ ಯಾವ ಮಾನ್ಯರು ಏಳುತ್ತಾರೆ ಎಂದು ಅವಳು ಕಾಗದ ಮಡಿಸಿಟ್ಟು, ತನಗೆ ತಿಳಿದಂತೆ ಕರೆದಳು.

“ಯಾರದು, ಎದ್ದಿರಾ? ನಾನು ಸೈರನಮ್ಮ. ಮಾತ್ರೆ ಹೊತ್ತಾಯ್ತು. ಎಲ್ಲಿಟ್ಟಿದ್ದೀರೋ ಹೋಗಿ ತಗೊಂಡು ಬನ್ನಿ, ನಾನು ಇಲ್ಲೇ ಇರ್ತೀನಿ.”

ಇಷ್ಟು ಹೇಳಿ, ಅಪ್ಪನ ಪಾಠದಂತೆ ನಿಂತಳು. ಒಬ್ಬ ಮುದುಕ ಎದ್ದು ಹೋಗಿ, ಮಾತ್ರೆ ಹುಡುಕಿ, ನೀರು ತುಂಬಿಕೊಂಡು ಬರುವಷ್ಟು ಹೊತ್ತು ಸುಮ್ಮನೆ ನಿಂತಳು. ಆಮೇಲೆ ಮತ್ತೆ ಶುರುಮಾಡಿದಳು.

“ಹ್ಞಾಂ. ಆಗಲಿ. ಈಗ ನುಂಗಿ, ನೀರು ಕುಡೀರಿ. ತಲೆಸುತ್ತು ನಿಂತಿತು ಅಂತ ಮಾತ್ರೆ ಬಿಡೋ ಹಾಗಿಲ್ಲ. ಬಸ್ಸು ನೆಟ್ಟಗೆ ಹೋಗ್ತಾ ಇದೆ ಅಂತ ಡ್ರೈವರು ಇಳಿದು ಹೋಗ್ತಾನಾ? ಸರಿ, ನಾಳೆ ನೋಡೋಣ.”

ಡಾಕ್ಟರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇದೇ ಇರಲಿ, ಒಂದಕ್ಷರ ಬದಲಿಸಬೇಡಿ ಎಂದಳು.

ಮರುದಿನದಿಂದ ಬೆಳಿಗ್ಗೆ ಊರಿನ ಮೊಬೈಲುಗಳಲ್ಲಿ ಸೈರನಮ್ಮ ಕೂಗತೊಡಗಿದಳು. ಯಾರೂ ಫೋನು ಇಡಲಿಲ್ಲ. ಸೈರನಮ್ಮ ಕರೆದಳೆಂದರೆ ಬಸ್ಸು ಹೊರಟುಹೋಗುತ್ತದೆ ಎಂಬ ಭಯ ಅವರ ಕಾಲುಗಳಿಗೆ ಅಂಟಿತ್ತು. ತೊಂದರೆ ಬೇರೆಯೇ ಇತ್ತು. ಅವಳು ನಿಂತು ಕಾಯುವ ಹೊತ್ತಿನಲ್ಲಿ ಊರಿನವರು ಸುಮ್ಮನಿರಲಿಲ್ಲ, ಮಾತಾಡತೊಡಗಿದರು. ಫೋನಿನಲ್ಲಿ ಗೊತ್ತಿದ್ದವರ ದನಿ, ಅದೂ ಇಲ್ಲೇ ಇರ್ತೀನಿ ಎಂದು ಹೇಳಿ ಕಾಯುತ್ತಿರುವ ದನಿ. ಸುಮ್ಮನೆ ನಿಲ್ಲುವುದು ಯಾವ ಮರ್ಯಾದೆ? ಅವರು ಹೇಳಿದ್ದಕ್ಕೆಲ್ಲ ಅವಳು “ಹ್ಞಾಂ, ಆಗಲಿ” ಎನ್ನುತ್ತಿದ್ದಳು. ಯಾವ ಮಾತಿಗೂ ಒಪ್ಪುವ ಉತ್ತರ ಅದು. ಯಂತ್ರಕ್ಕೆ ಕಿವಿಯಿಲ್ಲ, ಅದು ಕೂಗುತ್ತದಷ್ಟೆ, ಕೇಳುವುದಿಲ್ಲ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ.

ಇದು ಬಯಲಾದದ್ದು ಗಾರೆ ಕೆಲಸದವನಿಂದ. ಒಂದು ಬೆಳಿಗ್ಗೆ ಅವನು ಕುಂಟುತ್ತ ಬಂದು, ಪ್ಯಾಂಟು ಮೇಲೆತ್ತಿ, ಊದಿದ ಪಾದಗಳನ್ನು ಗಡಿಯಾರಗಳ ಮೇಜಿನ ಮುಂದೆ ಚಾಚಿ ಕೂತ. “ದಿನಾ ನಿಮಗೆ ಹೇಳ್ತಾನೇ ಇದ್ದೀನಿ, ಮಾತ್ರೆ ಶುರು ಮಾಡಿದಾಗಿಂದ ಕಾಲು ಊದ್ತಾ ಇದೆ ಅಂತ. ಹ್ಞಾಂ ಆಗಲಿ ಅಂತೀರಿ, ಮತ್ತೆ ಈಗ ನುಂಗಿ ಅಂತೀರಿ. ಇದು ಯಾವ ನ್ಯಾಯ ಸೈರನಮ್ಮ?”

ಸೈರನಮ್ಮ ಬೆಪ್ಪಾದಳು. ಗಂಡ ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದು, ಇವಳು ಯಾರ ಮಾತನ್ನೂ ಕೇಳಿಸಿಕೊಂಡವಳಲ್ಲ, ನಿನಗೆ ಈಗ ಗೊತ್ತಾಯಿತೇನಪ್ಪ ಎಂದು ಗಾರೆಯವನಿಗೆ ಸಮಾಧಾನ ಹೇಳಿದ. ಅವಳು ಗಾರೆಯವನನ್ನು ಕೈಹಿಡಿದು ಕೇಂದ್ರಕ್ಕೆ ಕರೆದೊಯ್ದಳು. ಕೆಲವರಿಗೆ ಆ ಮಾತ್ರೆಯಿಂದ ಕಾಲು ಊದುವುದುಂಟು ಎಂದು ಡಾಕ್ಟರಮ್ಮ ಬೇರೆ ಮಾತ್ರೆ ಬರೆದುಕೊಟ್ಟಳು. ತೊಂದರೆಯಿದ್ದರೆ ಒಂದನೇ ಬಟನ್ ಒತ್ತಿ ಎಂದು ಎಲ್ಲರಿಗೂ ತಿಳಿಸಿದ್ದೆವಲ್ಲ, ಯಾಕೆ ಒತ್ತಲಿಲ್ಲ ಎಂದು ಕೇಳಿದಳು. ದೊಡ್ಡವರು ಮಾತಾಡುತ್ತಿರುವಾಗ ಮುಖಕ್ಕೆ ಬಟನ್ ಒತ್ತುವುದು ಚೆನ್ನಾಗಿರುತ್ತದೆಯೇ ಎಂದ ಗಾರೆಯವನು. ಡಾಕ್ಟರಮ್ಮನಿಗೆ ಆ ಮಾತು ಹಿಡಿಸಿತು. ಆ ಬಿಡುವಿನಲ್ಲಿ ಜನ ಹೇಳುವುದನ್ನು ಹಿಡಿದಿಟ್ಟುಕೊಳ್ಳುವ ದಾರಿ ಇದೆಯೇ ಎಂದು ಅಂದಿನಿಂದ ಅವಳು ಮೇಲಿನವರಿಗೆ ಬರೆಯತೊಡಗಿದಳು.

ಊರಿಗೆ ವಿಷಯ ತಿಳಿಸಿದರು. ಊರು ನಕ್ಕಿತು. ಆದರೂ ಮಾತಾಡುವುದನ್ನು ಬಿಡಲಿಲ್ಲ. ಯಂತ್ರವಾದರೇನು, ನಮ್ಮ ಸೈರನಮ್ಮ ತಾನೇ ಎಂದರು. ಕ್ಷೌರದವನ ಹೆಂಡತಿ ಅದರ ಹತ್ತಿರ ಸೊಸೆಯ ಮೇಲೆ ದೂರು ಹೇಳಿದಳು. ಸೊಸೆ, ಅತ್ತೆ ಬಚ್ಚಲಿಗೆ ಹೋದಾಗ ಅದೇ ಫೋನಿನಲ್ಲಿ ಅತ್ತೆಯ ಮೇಲೆ ಹೇಳಿದಳು.

ಅಷ್ಟರಲ್ಲಿ ಒಂದು ದಿನ ಅಕ್ಕನ ಮಗಳು ಬಂದಳು. ಅವಳು ಚಿಕ್ಕಮ್ಮನ ಮನೆಗೆ ಆಗೀಗ ತಾಯಿಗೆ ತಿಳಿಯದಂತೆ ಬಂದುಹೋಗುವವಳು. ಅಂದು ಬಂದವಳೇ ಸೈರನಮ್ಮನ ಎರಡೂ ಕೈ ಹಿಡಿದುಕೊಂಡಳು. ತಾಯಿಗೆ ಬಿಪಿ ವಿಪರೀತ. ಹಿಂದೊಮ್ಮೆ ಮೇಲಿನ ಹಲಗೆಯ ಗುಂಡಿ ಡಬ್ಬಿ ತೆಗೆಯಲು ಹೋಗಿ ಸ್ಟೂಲಿನಿಂದ ಬಿದ್ದಿದ್ದಳು. ಆದರೂ ಮಾತ್ರೆ ಮುಟ್ಟುತ್ತಿರಲಿಲ್ಲ. ಯಾರು ಹೇಳಿದರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ನೋಡಿದರೆ ಬೆಳಿಗ್ಗೆ ಅಂಗಡಿ ತೆರೆದು, ಮಾತ್ರೆ, ನೀರು ಎದುರಿಗಿಟ್ಟುಕೊಂಡು, ಫೋನು ಬರುವ ಮೊದಲೇ ಕಾಯುತ್ತ ಕೂರುತ್ತಾಳಂತೆ.

“ದಿನಾ ನಿಮ್ಮ ಹತ್ರ ಮಾತಾಡ್ತಾಳೆ ಚಿಕ್ಕಮ್ಮ. ಅಜ್ಜನ ಕಥೆ, ನೀವಿಬ್ರೂ ಚಿಕ್ಕವರಿದ್ದಾಗಿನ ಕಥೆ. ಮೊನ್ನೆ ಒಬ್ಬಳೇ ನಗ್ತಾ ಇದ್ಲು. ತಂಗಿ ಈಗ ಅಡ್ಡ ಬಾಯಿ ಹಾಕಲ್ಲ, ಕೇಳಿಸ್ಕೋತಾಳೆ ಅಂತಾಳೆ. ಊರಿಗೆಲ್ಲ ತಿಳಿದದ್ದು ಅವಳ ಕಿವಿಗೆ ಬಿದ್ದ ಹಾಗಿಲ್ಲ, ಯಂತ್ರ ಅಂತ ಹೇಳೋಕೆ ನನಗೆ ಬಾಯಿ ಬರ್ಲಿಲ್ಲ. ನೀವೂ ಹೇಳಬೇಡಿ.”

ಅಕ್ಕನ ಮಗಳು ಹೋದ ಮೇಲೆ ಸೈರನಮ್ಮ ಅಡುಗೆಮನೆಯಲ್ಲಿ ಒಂದೇ ಪಾತ್ರೆಯನ್ನು ಬಹಳ ಹೊತ್ತು ಉಜ್ಜಿದಳು. ತನ್ನ ದನಿಯ ಮೇಲೆ ತನಗೇ ಹೊಟ್ಟೆಕಿಚ್ಚು ಬಂದಿತ್ತು. ತಾನು ಈ ತುದಿಯಲ್ಲಿ ಹಟ ಹಿಡಿದು ಕೂತಿದ್ದರೆ, ತನ್ನ ದನಿ ಮಾತ್ರ ದಿನಾ ಬೆಳಿಗ್ಗೆ ಆರಾಮವಾಗಿ ಅಕ್ಕನ ಅಂಗಡಿಗೆ ಹೋಗಿ, ಸ್ಟೂಲಿನ ಮೇಲೆ ಕೂತು, ಅವಳ ಮಾತೆಲ್ಲ ಕೇಳಿಸಿಕೊಂಡು ಬರುತ್ತಿದೆ. ಬಂದು ಒಂದಕ್ಷರವನ್ನೂ ತನಗೆ ತಿಳಿಸುವುದಿಲ್ಲ. ನೀನೇ ಒಂದು ಸಲ ಫೋನು ಮಾಡಬಾರದಾ ಎಂದ ಗಂಡ. ಅವಳು ಕರೆಯಲಿ ಎಂದಳು. ಅವಳು ಮಾತಾಡುತ್ತಲೇ ಇದ್ದಾಳಲ್ಲ ಎಂದ. “ನನ್ನ ಹತ್ರ ಅಲ್ವಲ್ಲ” ಎಂದು ಅವಳು ನಲ್ಲಿ ತಿರುಗಿಸಿದಳು.

ಕೆಲವು ವಾರ ಹೀಗೆ ನಡೆಯಿತು. ಆಮೇಲೆ ಕಂಪ್ಯೂಟರಿನವನು ಬಂದ. ಅವನು ಕೆಟ್ಟವನಲ್ಲ, ಅಚ್ಚುಕಟ್ಟು ಹೆಚ್ಚಾದವನು ಅಷ್ಟೆ. ಕರೆಗಳನ್ನೆಲ್ಲ ಪರೀಕ್ಷಿಸುವಾಗ ನಡುವೆ ಅಷ್ಟುದ್ದ ಖಾಲಿ ಜಾಗ ಕಂಡಿತು. ಧೂಳು ಕಂಡ ಕೈ ಸುಮ್ಮನಿರಲಿಲ್ಲ, ಒರೆಸಿಹಾಕಿದ. ಎರಡು ತುದಿಗಳನ್ನೂ ನೀಟಾಗಿ ಜೋಡಿಸಿ, ಎಲ್ಲ ಸರಿಮಾಡಿದ್ದೇನೆಂದು ಹೇಳಿ ಬೇರೊಂದು ಊರಿನ ಕೇಂದ್ರಕ್ಕೆ ಹೊರಟುಹೋದ.

ಮರುದಿನ ಸೈರನಮ್ಮನ ಮನೆಯ ಮುಂದೆ ಜನ ಸೇರಿದರು. ಮಾತ್ರೆ ತರಲು ಎದ್ದವರು ತಿರುಗಿ ಬರುವಷ್ಟರಲ್ಲಿ ಫೋನು ಕಟ್ಟಾಗಿತ್ತು. “ನಿನ್ನೆವರೆಗೂ ಎಷ್ಟು ಚೆನ್ನಾಗಿ ಕೇಳ್ತಾ ಇದ್ರಿ, ಇವತ್ತೇನು ನಿಮಗೇ ಬಸ್ಸು ಹಿಡಿಯೋ ಅವಸರ?” ಎಂದು ಕ್ಷೌರದವನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು. ಸೈರನಮ್ಮ ಎಲ್ಲರಿಗೂ ವಿವರಿಸಿ, ಒಂದಿಬ್ಬರನ್ನು ಗದರಿಸಿ ಕಳಿಸಿದಳು. ಡಾಕ್ಟರಮ್ಮ ಮೇಲಿನವರಿಗೆ ಬರೆದಳು. ಸರಿಪಡಿಸಲು ಆ ಮನುಷ್ಯನೇ ತಿರುಗಿ ಬರಬೇಕು, ಸ್ವಲ್ಪ ದಿನ ಹಿಡಿಯುತ್ತದೆ ಎಂದು ಉತ್ತರ ಬಂತು. ಊರಿನವರು ಗೊಣಗುತ್ತಲೇ ಮಾತ್ರೆ ನುಂಗಿದರು.

ಒಬ್ಬಳು ನುಂಗಲಿಲ್ಲ. ಆ ಸುದ್ದಿ ತಂದವಳು ನರ್ಸಮ್ಮ. ಅಕ್ಕ ಫೋನು ಎತ್ತುತ್ತಿಲ್ಲ, ಅದನ್ನು ಗುಂಡಿಗಳ ಡ್ರಾಯರಿನಲ್ಲಿ ಹಾಕಿ ಮುಚ್ಚಿಟ್ಟಿದ್ದಾಳೆ. ಮಾತ್ರೆ ಬಿಟ್ಟಿದ್ದಾಳೆ. ನರ್ಸಮ್ಮ ತಾನೇ ಅಂಗಡಿಗೆ ಹೋಗಿ ಬಿಪಿ ನೋಡಿ ಹೆದರಿ ಬಂದಿದ್ದಳು. ಹೀಗೇ ಬಿಟ್ಟರೆ ಒಂದು ದಿನ ಕೈಕಾಲು ಬಿದ್ದುಹೋಗಬಹುದು, ಮಾತೂ ನಿಲ್ಲಬಹುದು ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದಳು. ಅಕ್ಕನ ಮೆತ್ತನೆಯ ಮಾತು ನಿಂತೇಹೋಗುವುದೆಂದರೆ ಹೇಗಿರುತ್ತದೆಂದು ಯೋಚಿಸುತ್ತ ಸೈರನಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಯಾರು ಮೊದಲು ಕರೆಯಬೇಕೆಂಬ ಹಟ ಎಲ್ಲಿ ಬಿದ್ದುಹೋಯಿತೋ ಅವಳಿಗೇ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ, ಯಂತ್ರ ಕೂಗುವ ಹೊತ್ತಿಗಿಂತ ಸ್ವಲ್ಪ ಮೊದಲು, ಅವಳು ಗಂಡನ ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂತು ತನ್ನ ಕೈಯಾರೆ ಅಕ್ಕನ ನಂಬರು ಒತ್ತಿದಳು. ಆ ಕಡೆ ಡ್ರಾಯರಿನಿಂದ ಫೋನು ತೆಗೆದು ತಾಯಿಯ ಕಿವಿಗೆ ಹಿಡಿಯಲು ಮಗಳು ನಿಂತಿದ್ದಳು, ಅಷ್ಟನ್ನು ಮೊದಲೇ ಮಾತಾಡಿಕೊಂಡಿದ್ದರು. ಫೋನು ರಿಂಗಾಯಿತು. ಸೈರನಮ್ಮ ಹೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲಿ ಸಾಲಾಗಿ ನಿಲ್ಲಿಸಿಕೊಂಡಿದ್ದಳು. ಬೈಗುಳ ಮೊದಲು, ಅಳು ಆಮೇಲೆ, ಮಾತ್ರೆ ಕೊನೆಗೆ. ಆ ಕಡೆ ಯಾರೋ ಉಸಿರಾಡಿದ್ದು ಕೇಳಿಸಿತು.

“ಅಕ್ಕಾ” ಎಂದಳು. ಇನ್ನೇನು ಮಿಕ್ಕಿದ್ದೆಲ್ಲ ನುಗ್ಗಿ ಬರಬೇಕು, ಅಷ್ಟರಲ್ಲಿ ಗಾಜಿನ ಗೂಡಿನಲ್ಲಿ ಪಕ್ಕಕ್ಕೆ ನಿಂತಿದ್ದ ಅಪ್ಪ ನೆನಪಾದ. ಕರೆದಾಯಿತು. ಈಗ ನಿಲ್ಲಬೇಕು. ಅವಳು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

ಆ ಕಡೆಯೂ ಮೌನ. ಮನೆಯ ಗಡಿಯಾರಗಳೆಲ್ಲ ಒಂದೊಂದು ತಾಳದಲ್ಲಿ ಟಿಕ್‌ಟಿಕ್ ಎನ್ನುತ್ತಿದ್ದವು. ಒಳಗೆ ಮುಖ ತೊಳೆಯುತ್ತಿದ್ದ ಗಂಡನಿಗೆ ಏನೋ ಸರಿಯಿಲ್ಲ ಅನ್ನಿಸಿತು. ಹೆಂಡತಿ ಮನೆಯಲ್ಲಿದ್ದೂ ಗಡಿಯಾರದ ಸದ್ದು ಅವನಿಗೆ ಕೇಳಿಸಿದ್ದು ಅದೇ ಮೊದಲು. ಸೋಪಿನ ಮುಖದಲ್ಲೇ ಓಡಿಬಂದ. ಅವಳು ಕಣ್ಣಲ್ಲೇ ಅವನನ್ನು ಗದರಿ ನಿಲ್ಲಿಸಿದಳು.

“ಇದು ಯಂತ್ರ ಅಲ್ಲ” ಎಂದಳು ಅಕ್ಕ ಕೊನೆಗೆ. “ಯಂತ್ರ ನನ್ನನ್ನ ಅಕ್ಕ ಅನ್ನಲ್ಲ.”

ಸೈರನಮ್ಮ ಅಂಗೈಯನ್ನು ಇನ್ನೂ ಬಿಗಿ ಮಾಡಿದಳು.

“ಏನಂದುಕೊಂಡಿದ್ದೀರಿ ನೀವೆಲ್ಲ? ಈ ನನ್ನ ಮಗಳೂ ನರ್ಸಮ್ಮನೂ ಕಿವಿ ಕಚ್ಚಿಕೊಂಡು ಓಡಾಡ್ತಾರೆ, ನನಗೆ ಗೊತ್ತಾಗಲ್ವಾ? ಮೊದಲನೇ ದಿನಾನೇ ಗೊತ್ತಾಯ್ತು ಕಣೇ. ನಿಜವಾದ ನೀನು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರ್ತೀಯಾ?”

ಬೇರೆ ದಿನವಾಗಿದ್ದರೆ ಈ ಮಾತಿಗೆ ಸೈರನಮ್ಮ ಬೀದಿಗೆಲ್ಲ ಕೇಳುವಂತೆ ಉತ್ತರ ಕೊಡುತ್ತಿದ್ದಳು. ಈಗ ಬೆರಳುಗಳ ಸಂದಿಯಿಂದ “ಹ್ಞಾಂ” ಎಂದಳು ಅಷ್ಟೆ.

ಅಕ್ಕ ಹೇಳುತ್ತ ಹೋದಳು. ಯಂತ್ರ ಎಂದು ಗೊತ್ತಿದ್ದೇ ಮಾತಾಡಿದ್ದು, ತಂಗಿಯ ದನಿ ಕೇಳಿ ಎಷ್ಟು ವರ್ಷವಾಗಿತ್ತು ಎಂದಳು. ಹುಟ್ಟಿದಾಗಿನಿಂದ ತಂಗಿಯ ಹತ್ತಿರ ಒಂದು ಮಾತನ್ನೂ ಪೂರ್ತಿ ಮುಗಿಸಲು ಆಗಿರಲಿಲ್ಲ, ಅದರ ಹತ್ತಿರ ಮುಗಿಸಬಹುದಿತ್ತು ಎಂದಳು. ಆಮೇಲೆ ಒಂದು ದಿನ ಅದು ಅಕ್ಕನ ಮಾತಿನ ಮೇಲೇ ಮಾತು ಹಾಕಿಕೊಂಡು ಹೋಯಿತು. “ಯಂತ್ರವೂ ನಿನ್ನ ಹಾಗೇ ಆಗಿಹೋಯ್ತು. ಇನ್ನು ಯಾರ ಹತ್ರ ಮಾತಾಡಲಿ ಅಂತ ಡ್ರಾಯರಿಗೆ ಹಾಕಿದೆ.”

ಸೈರನಮ್ಮನ ಕಣ್ಣಿಂದ ನೀರಿಳಿದು ಅಂಗೈ ಒದ್ದೆಯಾಯಿತು. ಅಕ್ಕ ಮದುವೆಯ ದಿನಕ್ಕೆ ಬಂದಳು. ಬೀಗರು ಎರಡೂ ಕೈಯಿಂದ ತಲೆ ಹಿಡಿದುಕೊಂಡಿದ್ದನ್ನು ನೆನೆದು ಅವಳ ದನಿ ಅಲುಗಾಡಿತು. ಅಳುತ್ತಿದ್ದಾಳಾ ನಗುತ್ತಿದ್ದಾಳಾ ಎಂದು ಮೊದಲು ತಿಳಿಯಲಿಲ್ಲ. “ಆವತ್ತು ನನಗೂ ನಗು ತಡಿಯಕ್ಕಾಗ್ತಿರಲಿಲ್ಲ ಕಣೇ. ಹೆಣ್ಣಿನ ತಾಯಿ, ನಗೋ ಹಾಗಿರಲಿಲ್ಲ. ನಗು ನುಂಗಿ ನುಂಗಿ ಸಿಟ್ಟು ಬಂತು” ಎಂದಳು. ಇಬ್ಬರೂ ನಕ್ಕರು. ಸೈರನಮ್ಮನ ನಗು ಅಂಗೈಯನ್ನು ಒಡೆದುಕೊಂಡು ಹೊರಬಂತು. ಎದುರು ಮನೆಯ ಕಿಟಕಿ ತೆರೆದುಕೊಂಡಿತು. ಗಂಡ ನೆಮ್ಮದಿಯಿಂದ ಸೋಪು ತೊಳೆದುಕೊಳ್ಳಲು ಒಳಗೆ ಹೋದ.

ಅಕ್ಕನ ಮಾತು ಪೂರ್ತಿ ಮುಗಿದ ಮೇಲೆ, ಮುಗಿಯಿತೆಂದು ಖಾತ್ರಿಯಾದ ಮೇಲೆ, ಸೈರನಮ್ಮ ಕೇಳಿದಳು. “ಮಾತ್ರೆ ಎಲ್ಲಿದೆ ಅಕ್ಕಾ?”

“ಕೈಯಲ್ಲೇ ಇದೆ.”

ನೀರು ಗಂಟಲಲ್ಲಿಳಿಯುವ ಗುಟುಕು ಸದ್ದು ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. ಅಂದು ಸಂಜೆ ಸೈರನಮ್ಮ ಊರಿನ ಆ ತುದಿಗೆ ನಡೆದುಹೋಗಿ, ದಾರದುಂಡೆಗಳ ನಡುವೆ ಸ್ಟೂಲಿನ ಮೇಲೆ ಕೂತು ಬಂದಳು. ಬೀಗರೂ ಅಲ್ಲಿಗೆ ಬಂದರು, ಬೋಳುತಲೆ ಸವರಿಕೊಂಡು, ಇನ್ನೇನಾದರೂ ಗುಟ್ಟಿದ್ದರೆ ಈಗಲೇ ಪಿಸುಗುಟ್ಟಿಬಿಡಿ ಎಂದರು.

ಕಂಪ್ಯೂಟರಿನವನು ತಿರುಗಿ ಬಂದ. ತಾನು ಒರೆಸಿದ್ದು ಧೂಳಲ್ಲ ಎಂದು ತಿಳಿದು ಕಿವಿ ಕೆಂಪಾಗಿಸಿಕೊಂಡ. ಬಿಡುವನ್ನು ಇದ್ದ ಹಾಗೆಯೇ ಕೂರಿಸಿದ. ಡಾಕ್ಟರಮ್ಮ ಬೇಡಿದ್ದಂತೆ, ಆ ಬಿಡುವಿನಲ್ಲಿ ಜನ ಹೇಳುವುದನ್ನು ಅವರವರ ಒಪ್ಪಿಗೆ ಪಡೆದು ಹಿಡಿದಿಡುವ ಹಾಗೂ ಮಾಡಿದ. ಈಗ ನರ್ಸಮ್ಮ ಬೆಳಿಗ್ಗೆ ಕೂತು ಅದನ್ನೆಲ್ಲ ಕೇಳುತ್ತಾಳೆ. ಯಾರ ಕಾಲು ಊದಿದೆ, ಯಾರ ಮಾತ್ರೆ ಮುಗಿದಿದೆ ಎಂಬುದು ಮನೆಬಾಗಿಲಿಗೆ ಹೋಗುವ ಮೊದಲೇ ಅವಳಿಗೆ ತಿಳಿದಿರುತ್ತದೆ. ಕ್ಷೌರದವನ ಮನೆಯ ಅತ್ತೆಸೊಸೆಯರ ದೂರುಗಳು ಕೂಡ ತಿಳಿದಿರುತ್ತವೆ. ಅದಕ್ಕೆ ಮಾತ್ರ ಕೇಂದ್ರದಲ್ಲಿ ಮದ್ದಿಲ್ಲ.

ಒಂದು ಮಧ್ಯಾಹ್ನ ಡಾಕ್ಟರಮ್ಮ ಸೈರನಮ್ಮನನ್ನು ಕೂರಿಸಿಕೊಂಡು ಚಹಾ ತರಿಸಿದಳು. ಹೊಸದೊಂದು ಏರ್ಪಾಡು ಬರುತ್ತಿದೆ ಎಂದಳು. ಯಂತ್ರ ಅವಳ ದನಿಯನ್ನು ಕಲಿತುಕೊಂಡು, ಜನ ಕೇಳಿದ್ದಕ್ಕೆ ಅವಳದೇ ದನಿಯಲ್ಲಿ ಉತ್ತರವನ್ನೂ ಕೊಡುತ್ತದಂತೆ. ದಿನಾ ಬೆಳಿಗ್ಗೆ ಎದ್ದು ಅಕ್ಕನಿಗೆ ಫೋನು ಮಾಡಿ ಕೂರುತ್ತೀರಿ, ಕೆಮ್ಮು ಬೇರೆ, ವಯಸ್ಸೂ ಆಯಿತು, ಆ ಒಂದು ಕರೆಯನ್ನೂ ಅದಕ್ಕೇ ವಹಿಸಿದರೆ ನಿಮಗೆ ಸಹಾಯವಾಗುತ್ತದೆ ಎಂದಳು.

ಸೈರನಮ್ಮ ಲೋಟ ಕೆಳಗಿಟ್ಟಳು. ಡಾಕ್ಟರಮ್ಮನ ಮಾತು ಪೂರ್ತಿ ಮುಗಿಯುವ ತನಕ ಕಾದಳು. ಮುಗಿದ ಮೇಲೂ ಸ್ವಲ್ಪ ಕಾದು, ಆಮೇಲೆ ಹೇಳಿದಳು.

“ಊರಿಗೆಲ್ಲ ಅದೇ ಕೂಗಲಿ ಡಾಕ್ಟರಮ್ಮ, ನನ್ನ ಅಡ್ಡಿ ಇಲ್ಲ. ಕೂಗೋದಕ್ಕೆ ಸಹಾಯ ಮಾಡಿ, ತಗೋತೀನಿ. ಆದ್ರೆ ಅಕ್ಕನ ಫೋನು ನಾನೇ ಮಾಡ್ತೀನಿ. ಸುಮ್ಮನಿರೋದನ್ನ ಈಗ ತಾನೇ ಕಲೀತಾ ಇದ್ದೀನಿ, ಅದಕ್ಕೆ ಯಾರ ಸಹಾಯಾನೂ ಬೇಡ.”